ಕಡಲ ರಾಜನ ಮಗಳು

"ಬೀಳ್ತನೆ ಕಣ್ಮಗ, ಬಿದ್ದೇ ಓಯ್ತನೆ ಈಗ," ಎನ್ನುತ್ತ ಚಿಕ್ಕಲಕ್ಷ್ಮಮ್ಮ ಹುಣಸೇಹಣ್ಣು ಜಜ್ಜಲು ಎತ್ತಿದ್ದ ಗುಂಡುಕಲ್ಲನ್ನು ಕೆಳಗಿಳಿಸದೆ ಹಾಗೇ ಹಿಡಿದುಕೊಂಡಳು. ಕಾಳಿನ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲಿನೊಳಗೆ ನೀಲಿ ಡ್ರ್ಯಾಗನ್ ಒಂದು ರೆಕ್ಕೆಗೆ ಬಾಣ ನೆಟ್ಟುಕೊಂಡು ಮೋಡಗಳ ನಡುವಿನಿಂದ ಕೆಳಕ್ಕೆ ಉರುಳುತ್ತಿತ್ತು. ನೆಲ ಮುಟ್ಟುವಷ್ಟರಲ್ಲಿ ಅದು ಬಿಳಿ ನಿಲುವಂಗಿಯ ಚೆಲುವನಾಗಿ ಮಂಜಿನ ಮೇಲೆ ಬೋರಲು ಬಿತ್ತು. ಬಾಯಿಂದ ರಕ್ತ ಇಳಿಯುತ್ತಿದ್ದರೂ ಅವನು ಕರೆದದ್ದು ಒಬ್ಬಳದೇ ಹೆಸರು.

ಪಕ್ಕದಲ್ಲಿ ಕೂತು ಹುಣಸೇಬೀಜ ಬಿಡಿಸುತ್ತಿದ್ದ ಸೊಸೆ ಅನುಶ್ರೀ ವೇಲಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಆ ದೊಡ್ಡ ರಾಣಿಗೆ ಬರಬಾರದ್ದು ಬರ. ಎತ್ತ ಮಗನ ಮ್ಯಾಲೇ ಬಾಣ ಬುಡುಸ್ತಳಲ್ಲ, ಅವಳೂ ಒಂದು ತಾಯಾ?"

"ಅವಳು ಬಿಡಿಸಿದ್ದು ಆ ಹುಡುಗಿ ಮೇಲೆ ಅತ್ತೆ. ಇವನೇ ಅಡ್ಡ ಬಂದ."

"ಯಾರ್ ಮ್ಯಾಲೆ ಬುಡುಸುದ್ರೇನು. ಇಷ್ಟಪಟ್ಟೋರ್ನ ಬ್ಯಾರೆ ಮಾಡ್ಬಾರದು ಕಣಮ್ಮಿ. ಆ ಪಾಪ ಸುಮ್ಕೆ ಬುಡಕಿಲ್ಲ."

ಹಾಗೆಂದು ಅವಳು ಕಲ್ಲನ್ನು ಜೋರಾಗಿಯೇ ಹಣ್ಣಿನ ಮೇಲೆ ಇಳಿಸಿದಳು.

ಸಾಲಗಾಮೆಯ ಆಚೆಗಿನ ಆ ಊರಿನಲ್ಲಿ ಅತ್ತೆ ಸೊಸೆ ಹೀಗೆ ಅಕ್ಕಪಕ್ಕ ಕೂತು ಅಳುವುದನ್ನು ಕಂಡವರು ನಗುತ್ತಿದ್ದರು. ಮದುವೆಯಾಗಿ ಬಂದ ಮೊದಲ ಎರಡು ವರ್ಷ ಇಬ್ಬರ ನಡುವೆ ಅನ್ನ, ಸಾರು, ಹಾಲು, ಹಸುವಿನ ಮಾತಲ್ಲದೆ ಬೇರೆ ಮಾತಿರಲಿಲ್ಲ. ಅನುಶ್ರೀ ಚನ್ನರಾಯಪಟ್ಟಣದವಳು, ಬಿಕಾಂ ಓದಿದವಳು. ಅಡುಗೆ ಮುಗಿಸಿ ಕೋಣೆ ಸೇರಿದರೆ ಮತ್ತೆ ಸಂಜೆಯ ಕಾಫಿಗೇ ಹೊರಗೆ ಬರುತ್ತಿದ್ದಳು. ಹಿಂದಿನ ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಚಿಕ್ಕಲಕ್ಷ್ಮಮ್ಮನ ಕಾಲಿನ ಮೂಳೆ ಬಿರುಕು ಬಿಟ್ಟಾಗ ಇದೆಲ್ಲ ಬದಲಾಯಿತು. ಮಲಗಿದಲ್ಲೇ ಮಲಗಿ ಗೋಡೆ ನೋಡುತ್ತಿದ್ದ ಅತ್ತೆಯ ಪಕ್ಕ ಕೂತು ಅನುಶ್ರೀ ತಾನು ನೋಡುತ್ತಿದ್ದುದನ್ನೇ ಅವಳತ್ತಲೂ ಸ್ವಲ್ಪ ತಿರುಗಿಸಿದ್ದಳು. ಅದು ಯಾವುದೋ ದೂರದ ದೇಶದ ಕತೆ. ಕನ್ನಡದಲ್ಲಿ ಮಾತು ಕೂರಿಸಿದ್ದರು. ಮನುಷ್ಯನ ರೂಪ ತಾಳುವ ಡ್ರ್ಯಾಗನ್ ರಾಜಕುಮಾರ, ಬೆಟ್ಟದ ಬುಡದಲ್ಲಿ ಹೂ ಬೆಳೆಯುವ ಹುಡುಗಿ. ಅವಳು ಸತ್ತು ಸತ್ತು ಹುಟ್ಟುತ್ತಾಳೆ, ಹುಟ್ಟಿದಾಗೆಲ್ಲ ಅವನನ್ನು ಮರೆತಿರುತ್ತಾಳೆ. ಅವನು ಪ್ರತಿ ಜನ್ಮದಲ್ಲೂ ಹುಡುಕಿಕೊಂಡು ಬಂದು, ಗುರುತು ಹೇಳದೆ, ಅವಳ ಬೇಲಿಯ ಹೊರಗೆ ನಿಂತು ಕಾಯುತ್ತಾನೆ.

ವಿದೇಶದ ಹೆಸರುಗಳು ನಾಲಿಗೆಗೆ ಹೊರಳದೆ ಚಿಕ್ಕಲಕ್ಷ್ಮಮ್ಮ ತಾನೇ ಹೆಸರಿಟ್ಟುಕೊಂಡಳು. ಅವನು ಹಾವಪ್ಪ. ಅವಳು ಹೂವಿನ ಹುಡುಗಿ. ಅವನ ತಾಯಿ ದೊಡ್ಡ ರಾಣಿ. "ಹಾವಿಗೂ ಇಂಥ ಬುದ್ಧಿ ಅದೆ ನೋಡು," ಎಂದು ಮೊದಮೊದಲು ನಕ್ಕವಳು ಆಮೇಲೆ ನಗುವುದನ್ನು ಬಿಟ್ಟಳು. ತೀರಿಕೊಂಡ ಗಂಡ ತಿಮ್ಮಪ್ಪ ಬಡಿದವನಲ್ಲ, ಬೈದವನೂ ಅಲ್ಲ. ಆದರೆ ಇಡೀ ಸಂಸಾರದಲ್ಲಿ ಒಮ್ಮೆಯೂ ಅವಳನ್ನು ಹೆಸರು ಹಿಡಿದು ಕರೆದವನಲ್ಲ. "ಇವ್ಳೇ" ಎಂದು ಹಿತ್ತಲಿಗೂ ಕೇಳುವಂತೆ ಕೂಗುತ್ತಿದ್ದ. ಅಷ್ಟು ಎತ್ತರದಿಂದ ಬೀಳುವಾಗಲೂ ಹೆಣ್ಣಿನ ಹೆಸರು ಕರೆಯುವ ಗಂಡು ಇದ್ದಾನೆ ಅನ್ನುವುದು, ಅದು ಸುಳ್ಳೇ ಆಗಿದ್ದರೂ, ಅವಳ ಎದೆಯಲ್ಲಿ ಏನನ್ನೋ ಕಲಕಿ ಬಿಡುತ್ತಿತ್ತು. ಕಾಲು ನೆಟ್ಟಗಾಗಿ ಓಡಾಡುವಂತಾದ ಮೇಲೂ ಮಧ್ಯಾಹ್ನದ ಊಟ ಮುಗಿಯುತ್ತಲೇ ಏನಾದರೊಂದು ಕೆಲಸ ಹರವಿಕೊಂಡು, "ಅಚ್ಚು ಮಗ, ನೋಡವ," ಅನ್ನುತ್ತಿದ್ದಳು.

ಕತೆಯಲ್ಲಿ ಇನ್ನೊಬ್ಬಳಿದ್ದಳು. ದೊಡ್ಡ ರಾಣಿ ಮಗನಿಗೆಂದು ಗೊತ್ತುಮಾಡಿ ಅರಮನೆಗೆ ಕರೆತಂದಿದ್ದ ಕಡಲ ರಾಜನ ಮಗಳು. ಕುಲದಲ್ಲಿ ಸರಿ, ರೂಪದಲ್ಲೂ ಕಡಿಮೆಯಿಲ್ಲ. ಹಾವಪ್ಪ ಅವಳತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅವಳು ಕಂಬದ ಮರೆಯಲ್ಲಿ ನಿಂತು ತುಟಿ ಕಚ್ಚಿಕೊಳ್ಳುತ್ತಿದ್ದಳು, ರಾಣಿಯ ಕಿವಿಯಲ್ಲಿ ಪಿಸುಗುಡುತ್ತಿದ್ದಳು. ಅವಳು ಕಾಣಿಸಿದರೆ ಸಾಕು, ಅತ್ತೆ ಸೊಸೆಗೆ ಒಂದೇ ಮಾತು.

"ಬಂದ್ಲು ನೋಡು, ಅಡ್ಡಗಾಲು."

"ಮಾನ ಮರ್ಯಾದೆ ಇಲ್ಲ ಅತ್ತೆ ಇವಳಿಗೆ. ಅವನಿಗೆ ಬೇಡ ಅಂತ ಗೊತ್ತಾದ್ಮೇಲೆ ಅಲ್ಲೇ ಯಾಕೆ ಬಿದ್ದಿರಬೇಕು?"

ಹುಣಸೇಹಣ್ಣಿನ ಕಾಲ ಬರುವ ಹೊತ್ತಿಗೆ ಕನ್ನಡ ನಿಂತುಹೋಯಿತು. ಮುಂದಿನ ಕಂತುಗಳಿಗೆ ಅವರ ಭಾಷೆಯೇ, ಕೆಳಗೆ ಇಂಗ್ಲಿಷ್ ಅಕ್ಷರ. ಚಿಕ್ಕಲಕ್ಷ್ಮಮ್ಮ ಮಂಕಾದಳು. "ನೀನೇ ಓದಿ ಯೋಳು ಕಣವ್ವ, ಓದಿದ್ದೀಯಲ್ಲ," ಎಂದಳು. ಅನುಶ್ರೀ ಓದಿ ಹೇಳತೊಡಗಿದಳು. ರಾಣಿಗೆ ಗಡಸು ದನಿ, ಹೂವಿನ ಹುಡುಗಿಗೆ ಮೆಲುದನಿ, ಹಾವಪ್ಪನಿಗೆ ನಿಧಾನದ, ಎದೆಯಾಳದ ದನಿ. ಅಷ್ಟು ಮಾತು ಈ ಹುಡುಗಿಯೊಳಗೆ ಎಲ್ಲಿತ್ತು ಎಂದು ಚಿಕ್ಕಲಕ್ಷ್ಮಮ್ಮನಿಗೆ ಬೆರಗಾಗುತ್ತಿತ್ತು. ಹಾವಪ್ಪನ ಮಾತು ಹೇಳುವಾಗ ಸೊಸೆಯ ಕೆನ್ನೆ ಕೆಂಪಗಾಗುವುದನ್ನು ಕಂಡರೂ ಕಾಣದವಳಂತೆ ಬೀಜ ಎಣಿಸುವವಳ ಹಾಗೆ ತಲೆ ಬಗ್ಗಿಸುತ್ತಿದ್ದಳು.

ಕಾಣದ ಹಾಗೆ ಇರುವುದು ಅವಳಿಗೆ ರೂಢಿಯಾಗಿತ್ತು. ಮಗ ಅನಿಲ್‌ಕುಮಾರನಿಗೆ ಹಾಸನದಲ್ಲಿ ಗೊಬ್ಬರ, ಬೀಜದ ಅಂಗಡಿ. ವಾರದಲ್ಲಿ ಅರ್ಧ ಅಲ್ಲೇ ಉಳಿಯುತ್ತಿದ್ದ. ಲೋಡು ಬರುತ್ತದೆ, ಲೆಕ್ಕ ಇದೆ, ತಡವಾಯಿತು ಅನ್ನುತ್ತಿದ್ದ. ಮದುವೆಗೆ ಮೊದಲು ಅವನು ಹಾಸನದ ಒಬ್ಬ ಹುಡುಗಿಯನ್ನು ಇಷ್ಟಪಟ್ಟಿದ್ದ. ಹೆಸರು ಸೌಜನ್ಯ, ಶಾಲೆಯೊಂದರಲ್ಲಿ ಟೀಚರು, ಬೇರೆ ಜಾತಿ. ವಿಷಯ ತಿಳಿದ ದಿನ ಚಿಕ್ಕಲಕ್ಷ್ಮಮ್ಮ ಶುಂಠಿಗೆ ಹೊಡೆಯಲು ತಂದಿಟ್ಟಿದ್ದ ಔಷಧಿಯ ಬಾಟಲಿ ಹಿಡಿದು ನಡುಮನೆಯಲ್ಲಿ ನಿಂತಿದ್ದಳು. "ಅವಳ್ನ ಈ ಒಸ್ಲು ದಾಟಿಸಿದ್ರೆ ನನ್ನ ಎಣ ದಾಟಿಸ್ಕಂಡೇ ದಾಟ್ಸು," ಎಂದಿದ್ದಳು. ಮಗ ಗೋಡೆಗೊರಗಿ ಕೂತು ಅತ್ತ. ಆಮೇಲೆ ತೋರಿಸಿದ ಹುಡುಗಿಗೆ ತಾಳಿ ಕಟ್ಟಿದ. ಮುಗಿಯಿತು ಅಂದುಕೊಂಡಳು. ಅದಾಗಿ ಒಂದು ವರ್ಷಕ್ಕೆ ಅವನ ಕಾರಿನ ಸೀಟಿನ ಸಂದಿಯಲ್ಲಿ ಹೆಂಗಸರ ತಲೆಯ ಕ್ಲಿಪ್ಪು ಸಿಕ್ಕಾಗ ಅದನ್ನು ತಿಪ್ಪೆಯಲ್ಲಿ ಹೂತು ಕೈ ತೊಳೆದುಕೊಂಡಳು. ಒಂದು ಮಗು ಆದರೆ ಎಲ್ಲಾ ಸರಿಹೋಗುತ್ತದೆ ಎಂದು ಸೊಸೆಗೆ ಶನಿವಾರದ ಉಪವಾಸ ಹಿಡಿಸಿದಳು. ಹೊಳೆನರಸೀಪುರದ ಗುಡಿಗೆ ಕರೆದುಕೊಂಡು ಹೋಗಿ ಹರಕೆ ಕಟ್ಟಿಸಿದಳು.

ಹುಣಸೇಹಣ್ಣು ಇನ್ನೊಂದು ಮೂಟೆ ಉಳಿದಿರುವಾಗ ಅನುಶ್ರೀ ಅಣ್ಣ ಮನೋಹರನ ಮಗುವಿನ ನಾಮಕರಣಕ್ಕೆ ಚನ್ನರಾಯಪಟ್ಟಣಕ್ಕೆ ಹೋದಳು. ವಾಪಸ್ಸು ಬರುವಾಗ ಒಬ್ಬಳೇ ಹಾಸನದಲ್ಲಿ ಬಸ್ಸು ಬದಲಿಸಿ ಬಂದಳು. ಬಂದವಳು ಬಿಸಿಲಿಗೆ ತಲೆನೋವು ಎಂದು ಮಲಗಿದಳು. ರಾತ್ರಿ ಉಣ್ಣಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಮಾತ್ರ ತಾನಾಗಿಯೇ ಮೊಬೈಲು ತಂದು ಡಬ್ಬಕ್ಕೆ ಒರಗಿಸಿ, "ಬನ್ನಿ ಅತ್ತೆ," ಎಂದಳು.

ಅರಮನೆಯ ದೊಡ್ಡ ಸಭೆ. ಕಡಲ ರಾಜನ ಮಗಳು ಕೆಂಪು ಬಟ್ಟೆ ಉಟ್ಟು ರಾಣಿಯ ಮುಂದೆ ಬಂದು ನಿಂತಿದ್ದಳು.

"ಏನಂತಳೆ ಇವ್ಳು?"

"ನಿಮ್ಮನ್ನ ಒಂದು ಮಾತು ಕೇಳಬೇಕು ರಾಣಿಯವರೇ ಅಂತಾಳೆ."

"ಇವಳ್ದೊಂದು. ಕೇಳ್ಲಿ."

"ನಿಮ್ಮ ಮಗ ಇನ್ನೊಬ್ಬಳನ್ನ ಬಿಟ್ಟಿಲ್ಲ ಅಂತ ಗೊತ್ತಿತ್ತಲ್ಲ, ಗೊತ್ತಿದ್ದೂ ನನ್ನ ಯಾಕೆ ತಂದ್ರಿ ಅಂತಾಳೆ."

"ಎಲ್ಲಾ ಗೊತ್ತಿದ್ದೇ ಬಂದೋಳಲ್ವಾ ಇವ್ಳು?"

"ಗೊತ್ತಿರಲಿಲ್ಲವಂತೆ," ಎಂದಳು ಅನುಶ್ರೀ. ಇವತ್ತು ಅವಳ ದನಿ ರಾಣಿಯದೂ ಆಗಿರಲಿಲ್ಲ, ಯಾರದೂ ಆಗಿರಲಿಲ್ಲ. "ಹೆಣ್ಣು ನೋಡೋಕೆ ಬಂದಾಗ, ನಮ್ಮ ಹುಡುಗ ಮಾತು ಕಮ್ಮಿ, ಮನಸ್ಸು ಚಿನ್ನ ಅಂದಿದ್ರಂತೆ. ಕೊಬ್ಬರಿ ಮಿಠಾಯಿ ತಿಂದು ಕಾಫಿ ಕುಡಿದು ಹೋಗಿದ್ರಂತೆ."

ಆ ಅರಮನೆಯಲ್ಲಿ ಕಾಫಿ ಎಲ್ಲಿಂದ ಬಂತು ಎಂದು ಚಿಕ್ಕಲಕ್ಷ್ಮಮ್ಮ ಅಂದುಕೊಂಡಳು. ತಲೆಯೆತ್ತಿ ನೋಡಿದರೆ ತೆರೆಯ ಮೇಲೆ ಕೆಂಪು ಬಟ್ಟೆಯವಳು ಇರಲೇ ಇಲ್ಲ. ಬೆಟ್ಟದ ಮೇಲೆ ಮಂಜು ಬೀಳುತ್ತಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಅನುಶ್ರೀ ಆ ಮಂಜನ್ನೇ ನೋಡುತ್ತ ಮುಂದುವರಿಸಿದಳು.

"ಶನಿವಾರ ಉಪವಾಸ ಇರು ಅಂದ್ರಂತೆ, ಇದ್ಳಂತೆ. ಹರಕೆ ಕಟ್ಟು ಅಂದ್ರಂತೆ, ಕಟ್ಟಿದ್ಳಂತೆ. ಆ ಮಗ ಆ ಹೊತ್ತಲ್ಲಿ ಬಸ್‌ಸ್ಟ್ಯಾಂಡಿನ ಎದುರು ಒಂದು ಮಗೂನ ಹೆಗಲ ಮೇಲೆ ಕೂರಿಸ್ಕೊಂಡು ಬಲೂನು ಕೊಡಿಸ್ತಿದ್ನಂತೆ. ಪಕ್ಕದಲ್ಲಿ ಅವಳೂ ಇದ್ಳಂತೆ. ಮಗು ಅಪ್ಪ ಅಪ್ಪ ಅಂತ ಅವನ ಕೂದಲು ಜಗ್ಗುತ್ತಿತ್ತಂತೆ. ಇವಳು ಬಸ್ಸಿನ ಕಿಟಕಿಯಿಂದ ನೋಡಿದ್ಳಂತೆ."

ಚಿಕ್ಕಲಕ್ಷ್ಮಮ್ಮನ ಬೆರಳುಗಳು ಹುಣಸೇನಾರಿನಲ್ಲಿ ಸಿಕ್ಕಿಕೊಂಡಂತೆ ನಿಂತವು.

"ಮಗು ಅದಾ?"

"ಇದೆ."

"ಗಂಡಾ, ಎಣ್ಣಾ?"

ಕೇಳಿದ ಮೇಲೆಯೇ ಅವಳಿಗೆ ತನ್ನ ದನಿ ಕೇಳಿಸಿದ್ದು. ಅದರಲ್ಲಿ ಇರಬಾರದ ಆತುರವಿತ್ತು, ಆಸೆಯಿತ್ತು. ಅನುಶ್ರೀ ನಿಧಾನವಾಗಿ ಅವಳತ್ತ ತಿರುಗಿದಳು. ಅಳುತ್ತಿರಲಿಲ್ಲ. ದಿನವೂ ಅಳುತ್ತಿದ್ದ ಆ ಹೊತ್ತಿನಲ್ಲಿ ಅವಳ ಕಣ್ಣು ಒಣಗಿಕೊಂಡಿದ್ದವು.

"ಹೆಣ್ಣು ಅತ್ತೆ. ಮೂಗು ನಿಮ್ಮದೇ."

"ಅನು, ನಾನು ಯೋಳೋದು ಕೇಳು ಕಣ್ಮಗ—"

"ಇಷ್ಟು ದಿನ ಆ ಹೂವಿನ ಹುಡುಗಿ ನಾನೇ ಅಂದ್ಕೊಂಡು ಅತ್ತಿದೀನಿ. ಅವರು ಮಾತಾಡದೆ ಮಲಗಿದ ದಿನ, ಅವರಿಗೂ ಏನೋ ನೋವಿರ್ಬೇಕು, ಬಾಯಿಬಿಟ್ಟು ಹೇಳಕ್ಕಾಗಲ್ಲವೇನೋ, ಒಂದಿನ ತಿರುಗಿ ನೋಡ್ತಾರೆ ಅಂತ ಕಾದಿದೀನಿ. ನೋಡಿದ್ರೆ ನಾನು ಇವಳು." ಮೊಬೈಲಿನಲ್ಲಿ ಮತ್ತೆ ಕಾಣಿಸಿಕೊಂಡಿದ್ದ ಕಡಲ ರಾಜನ ಮಗಳನ್ನು ಅವಳು ಬೆರಳಿಟ್ಟು ನಿಲ್ಲಿಸಿದಳು. ಆ ಹುಡುಗಿ ಬಾಯಿ ಅರ್ಧ ತೆರೆದು ಹಾಗೇ ನಿಂತಳು. "ಎಷ್ಟು ಬೈದಿದೀನಿ ಅತ್ತೆ ಇವಳನ್ನ. ನಿಮ್ಮ ಜೊತೆ ಕೂತ್ಕೊಂಡು. ನೀವೂ ಬೈದ್ರಿ. ನಿಮಗೆ ಒಂದಿನಾನೂ ಏನೂ ಅನ್ನಿಸ್ಲಿಲ್ವಾ?"

"ಒಂದು ಮಗು ಆಗ್ಬುಟ್ರೆ ಸರಿ ಓಯ್ತದೆ ಅಂದ್ಕಂಡೆ ಕಣವ್ವ," ಎಂದಳು ಚಿಕ್ಕಲಕ್ಷ್ಮಮ್ಮ.

"ಆಯ್ತಲ್ಲ ಅತ್ತೆ. ಮಗು ಆಯ್ತಲ್ಲ."

ಬೆಳಿಗ್ಗೆ ಮನೋಹರ ಕಾರು ತಂದ. ಒಳಗೆ ಬಂದು ಕೂರಲಿಲ್ಲ. ಅನುಶ್ರೀ ತನ್ನ ಬಟ್ಟೆ ಎರಡು ಬ್ಯಾಗಿಗೆ ತುಂಬಿದಳು. ಅದಕ್ಕೂ ಮೊದಲು ಜಜ್ಜಿ ಮುಗಿದಿದ್ದ ಹುಣಸೇಹಣ್ಣಿಗೆ ಉಪ್ಪು ಬೆರೆಸಿ ಭರಣಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದಳು. ಚಿಕ್ಕಲಕ್ಷ್ಮಮ್ಮ ಬಾಗಿಲಲ್ಲಿ ನಿಂತು, "ಜನಕ್ಕೆ ನಾನು ಏನಂತ ಯೋಳ್ಲಿ?" ಎಂದಳು. ಸೊಸೆ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಇನ್ನೇನೋ ಕೇಳಬಹುದು ಎಂದು ಕಾದವಳಂತಿದ್ದಳು. ಆಮೇಲೆ ಹೋಗಿ ಕಾರಿನಲ್ಲಿ ಕೂತಳು.

ಸುದ್ದಿ ತಿಳಿಸಲು ಫೋನು ಮಾಡಿದರೆ ಅನಿಲ್‌ಕುಮಾರ ಸಾಮಾನು ಇಳಿಸುವವರ ಮೇಲೆ ಕೂಗಾಡುತ್ತಿದ್ದ. "ನಾಕು ದಿನ ಇದ್ದು ಬತ್ತಳೆ ಬುಡವ್ವ. ಎಲ್ಗೋಯ್ತಳೆ?" ಎಂದು ಇಟ್ಟುಬಿಟ್ಟ.

ಅವಳು ಬರಲಿಲ್ಲ. ಮಧ್ಯಾಹ್ನಗಳು ಉದ್ದವಾದವು. ಊಟ ಮುಗಿಸಿ ಮೊರ ಎಳೆದುಕೊಂಡು ಕೂತರೆ ಚಿಕ್ಕಲಕ್ಷ್ಮಮ್ಮನ ಕಿವಿ ತಾನಾಗಿಯೇ ಕಾಯುತ್ತಿತ್ತು. ಹಾವಪ್ಪ ಬದುಕಿದನೋ ಸತ್ತನೋ ತಿಳಿಯಬೇಕೆನ್ನುವ ಆಸೆ ಸೊಸೆ ಹೋದ ದುಃಖದ ನಡುವೆಯೇ ಏಳುತ್ತಿತ್ತು. ಥೂ, ನನ್ನ ಜನ್ಮಕ್ಕಿಷ್ಟು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಮತ್ತೆ ಯೋಚನೆ ಅಲ್ಲಿಗೇ ಹೋಗುತ್ತಿತ್ತು. ಕತ್ತಲಲ್ಲಿ ಕಣ್ಣು ಮುಚ್ಚಿದರೆ ಬೇಲಿಯ ಹೊರಗೆ ನಿಂತು ಕಾಯುವ ಆ ಗಂಡಿಗೆ ಮೆಲ್ಲಮೆಲ್ಲಗೆ ಅನಿಲನ ಮುಖ ಬರತೊಡಗಿತು. ನನ್ನ ಮಗ ಆ ಸೌಜನ್ಯಳನ್ನು ಅಷ್ಟೊಂದು ಇಷ್ಟಪಟ್ಟಿದ್ದನೇನೋ. ಅದಕ್ಕೇ ಬಿಡಲಾಗಲಿಲ್ಲವೇನೋ. ಬೇರೆ ಮಾಡಿದವಳು ನಾನು. ಹೀಗಂದುಕೊಂಡಾಗ ನೋವಾಗುತ್ತಿತ್ತು. ನೋವಿನೊಳಗೆ ಸ್ವಲ್ಪ ಸಮಾಧಾನವೂ ಇತ್ತು. ತಪ್ಪು ಒಪ್ಪಿಕೊಂಡು, ಅವಳ ಕೈಹಿಡಿದು, ಮಗುವನ್ನು ಎತ್ತಿಕೊಂಡು ಬಂದರೆ ಮುರಿದದ್ದರಲ್ಲಿ ಒಂದಾದರೂ ಕೂಡಿದ ಹಾಗಾಗುತ್ತದೆ.

ಒಂದು ದಿನ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ತುಪ್ಪದ ಡಬ್ಬಿ, ಒಂದು ಚೀಲ ತರಕಾರಿ ಹಿಡಿದು ಹಾಸನದ ಬಸ್ಸು ಹತ್ತಿದಳು. ಮಗನ ಅಂಗಡಿಯಲ್ಲಿ ಮೂಟೆ ಹೊರುವ ಕೆಂಪಣ್ಣನನ್ನು ಹೊರಗೆ ಕರೆದು ಕೇಳಿದಳು. "ನಂಗೆ ಯಾಕವ್ವ ಇದೆಲ್ಲ," ಎಂದು ತಲೆ ಕೆರೆದುಕೊಂಡರೂ ಅವನು ಅವಳನ್ನು ಆಟೋದಲ್ಲಿ ಕೂರಿಸಿ, ಡ್ರೈವರಿಗೆ ವಿಳಾಸ ಹೇಳಿ ಕಳಿಸಿದ.

ಬಾಡಿಗೆಯ ಮಹಡಿ ಮನೆ. ಬಾಗಿಲು ತೆರೆದ ಸೌಜನ್ಯಗೆ ಗುರುತು ಸಿಗಲು ತಡವಾಗಲಿಲ್ಲ. ಅವಳು ಚಿಕ್ಕಲಕ್ಷ್ಮಮ್ಮನನ್ನು ಒಮ್ಮೆ ಮಾತ್ರ ನೋಡಿದ್ದಳು, ಹಾಸನದ ಯಾವುದೋ ಮದುವೆಮನೆಯಲ್ಲಿ, ದೂರದಿಂದ.

"ಬನ್ನಿ," ಎಂದಳು. ಕುರ್ಚಿ ಎಳೆದುಕೊಟ್ಟಳು. ನೀರು ತಂದಿಟ್ಟಳು. ಮಗು ಅವಳ ಕಾಲಿಗೆ ಅಂಟಿಕೊಂಡೇ ಬಂತು. ಮೂಗು ನಿಜವಾಗಿಯೂ ತನ್ನದೇ. ಚಿಕ್ಕಲಕ್ಷ್ಮಮ್ಮ ಕೈ ಚಾಚಿದಳು. ಮಗು ತಾಯಿಯ ನೈಟಿಯಲ್ಲಿ ಮುಖ ಹುದುಗಿಸಿಕೊಂಡಿತು.

"ತಪ್ಪು ಮಾಡ್ಬುಟ್ಟೆ ಕಣವ್ವ," ಎಂದಳು. ದಾರಿಯುದ್ದಕ್ಕೂ ಕೂಡಿಸಿಕೊಂಡಿದ್ದ ಮಾತುಗಳು ಒಟ್ಟಿಗೇ ಬಂದವು. "ನಿಮ್ಮಿಬ್ರುನ್ನೂ ಬ್ಯಾರೆ ಮಾಡ್ದೆ. ಅವನು ಅಷ್ಟು ಇಷ್ಟಪಟ್ಟಿದ್ದ, ನಂಗೆ ತಿಳೀನಿಲ್ಲ. ಆ ಬಾಟ್ಲಿ ಇಡ್ಕಂಡು ಎದರಿಸ್ದೆ. ಅವನಾದ್ರೂ ಏನು ಮಾಡಾನು?"

ಸೌಜನ್ಯ ಮಗುವಿನ ಕೂದಲಲ್ಲಿ ಬೆರಳಾಡಿಸುತ್ತ ನಿಂತಿದ್ದಳು.

"ನೀವು ಬಾಟ್ಲಿ ಹಿಡ್ಕೊಂಡ ದಿನ ಸಾಯಂಕಾಲ ಅವರು ನನ್ನ ಹತ್ರ ಬಂದಿದ್ರು. ಅಮ್ಮ ಸತ್ತೋಗ್ತಾರೆ ಸೌಜನ್ಯ, ನಾನೇನು ಮಾಡ್ಲಿ ಅಂತ ಅತ್ರು. ನಾನು ಅವರ ಮುಖಾನೇ ನೋಡ್ತಿದ್ದೆ. ಭಾರ ಇಳಿಸಿ ಬಂದೋರ ಮುಖ ಅದು. ಆವಾಗ ಅರ್ಥ ಆಗ್ಲಿಲ್ಲ. ಈಗ ಆಗುತ್ತೆ. ನಿಮಗೆ ಹೆದರಿ ನನ್ನ ಬಿಟ್ಟೋರಲ್ಲ ಅವರು. ಬಿಡೋಕೆ ಒಂದು ನೆಪ ಬೇಕಿತ್ತು, ನೀವು ಕೊಟ್ರಿ."

"ಅಂಗಾದ್ರೆ ತಿರ್ಗ ಯಾಕೆ ಬಂದ?"

"ಅದಕ್ಕೂ ನಿಮ್ಮದೇ ನೆಪ. ಅಮ್ಮ ತಂದ ಹುಡುಗಿ, ನಂಗೆ ಮನಸ್ಸೇ ಇಲ್ಲ ಅಂದ್ರು. ನಾನು ನಂಬಿದೆ. ಇಷ್ಟು ಇಷ್ಟಪಡೋ ಗಂಡಸು ಎಲ್ಲಿ ಸಿಗ್ತಾನೆ ಅಂತ ಬೀಗಿದೆ." ಅವಳು ಸಣ್ಣಗೆ ನಕ್ಕಳು. "ನಿಮ್ಮ ಸೊಸೆ ಹೋಗಿದ್ದು ಗೊತ್ತಾಯ್ತು. ಈಗ ನನ್ನನ್ನ ನಿಮ್ಮನೆಗೆ ಕರ್ಕೊಂಡು ಹೋಗಿ ಅಂದೆ. ಅಮ್ಮ ಒಪ್ಪಲ್ಲ ಅಂದ್ರು."

"ನಾನಾ?" ಚಿಕ್ಕಲಕ್ಷ್ಮಮ್ಮ ಎದ್ದು ನಿಂತಳು. "ನನ್ನ ಕೇಳೇ ಇಲ್ವಲ್ಲ!"

"ಕೇಳಲ್ಲ."

ಕೆಳಗೆ ರಸ್ತೆಯಲ್ಲಿ ಹಳೇ ಕಬ್ಬಿಣ ಕೊಳ್ಳುವವನ ಗಾಡಿ ಕೂಗುತ್ತ ಹೋಯಿತು.

"ನಿನ್ನನ್ನಾರೂ ಚೆಂದಾಗಿ ನೋಡ್ಕಂಡಿದ್ದಾನಾ? ಪ್ರೀತಿಯಿಂದ ಎಲ್ಡು ಮಾತಾಡ್ತನಾ?" ಎಂದು ಚಿಕ್ಕಲಕ್ಷ್ಮಮ್ಮ ಕೇಳಿದಳು. ಇದೊಂದಕ್ಕಾದರೂ ಹೌದೆನ್ನಲಿ ಎಂದು ಅವಳ ಕಣ್ಣು ಬೇಡುತ್ತಿದ್ದವು.

"ಬರ್ತಾರೆ, ಮಲಗ್ತಾರೆ, ಹೋಗ್ತಾರೆ," ಎಂದಳು ಸೌಜನ್ಯ. ಮಗುವನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡಳು. "ಇವಳನ್ನ ನೋಡ್ಬೇಕು ಅಂತ ಬಂದ್ರಿ, ನೋಡಿದ್ರಿ. ಜೊತೆಗೆ ಬಾ ಅಂತ ಕರೀಬೇಡಿ. ನನಗೆ ಶಾಲೆ ಕೆಲಸ ಇದೆ, ಇವಳನ್ನ ಸಾಕ್ತೀನಿ. ಇನ್ನು ಬಾಗಿಲು ತೆಗೆಯೋದಿಲ್ಲ ಅಂತ ಅವರಿಗೂ ಹೇಳಿದೀನಿ. ನೀವೂ ಮತ್ತೆ ಬರಬೇಡಿ."

ತುಪ್ಪದ ಡಬ್ಬಿಯನ್ನು ಅವಳು ಒರಟಾಗಿ ಅಲ್ಲ, ಬಹಳ ಮೆತ್ತಗೆ ಚಿಕ್ಕಲಕ್ಷ್ಮಮ್ಮನ ಚೀಲದೊಳಗೆ ವಾಪಸ್ಸು ಇಟ್ಟಳು.

ಊರು ಸೇರುವ ಹೊತ್ತಿಗೆ ದೀಪ ಹಚ್ಚುವ ಸಮಯ. ಅನಿಲ್‌ಕುಮಾರ ಆಗಲೇ ಬಂದಿದ್ದ. ಈಗೀಗ ದಿನವೂ ಬೇಗ ಬರುತ್ತಿದ್ದ. "ಎಲ್ಗೋಗಿದ್ದೆ? ಒಟ್ಟೆ ಅಸ್ದು ಸಾಯ್ತಾಯ್ತೆ," ಎಂದ. ಅವಳು ಸೀರೆ ಬದಲಿಸದೆಯೇ ಒಲೆ ಹೊತ್ತಿಸಿ ಅನ್ನಕ್ಕಿಟ್ಟಳು, ಬೆಳಗಿನ ಹುರುಳಿ ಸಾರು ಕಾಯಿಸಿದಳು. ತಟ್ಟೆ ಹಾಕಿದಳು. ಅವನು ಕೂತು ಎಡಗೈಯಲ್ಲಿ ಮೊಬೈಲು ಹಿಡಿದು ಬಲಗೈಯಲ್ಲಿ ಕಲಸಿ ಉಣ್ಣತೊಡಗಿದ. ಹೆಗಲು ಅಗಲವಾಗಿತ್ತು, ಕೆನ್ನೆ ತುಂಬಿತ್ತು. ಎಲ್ಲೂ ಏನೂ ಕಡಿಮೆಯಾದಂತಿರಲಿಲ್ಲ.

"ನಾನು ಒಪ್ಪಕಿಲ್ಲ ಅಂತ ಯೋಳಿದ್ಯಂತಲ್ಲ," ಎಂದಳು.

"ಯಾರ್ಗೆ?"

ಅವಳು ಹೆಸರು ಹೇಳಿದಳು. ಅವನ ತುತ್ತು ಬಾಯಿಯ ಹತ್ತಿರ ಒಂದು ಕ್ಷಣ ತಡೆದು ಒಳಗೆ ಹೋಯಿತು. ಅವನು ಅಗಿದು ನುಂಗಿದ. "ಅದೆಲ್ಲ ಈಗ್ಯಾಕವ್ವ," ಎಂದ. "ಚನ್ರಾಯಪಟ್ಣಕ್ಕೆ ನೀನೇ ಒಂದಪ ಓಗಿ ಅವಳ್ನ ಕರ್ಕಂಬಾ. ನಿನ್ನ ಮಾತು ಕೇಳ್ತಳೆ." ಬೆರಳು ಮೊಬೈಲಿನ ಮೇಲೆ ಜಾರುತ್ತಿತ್ತು. ತಟ್ಟೆಯಲ್ಲಿ ಅನ್ನ ಮುಗಿದಿತ್ತು. ಕಣ್ಣೆತ್ತದೆ ತಟ್ಟೆಯನ್ನು ಅವಳತ್ತ ಎತ್ತಿ ಹಿಡಿದ.

ಚಿಕ್ಕಲಕ್ಷ್ಮಮ್ಮ ಸಟ್ಟುಗದ ತುಂಬ ಅನ್ನ ತೆಗೆದವಳು ಹಾಗೇ ನಿಂತಳು. ಅನ್ನದ ಹಬೆ ಅವಳ ಮುಖಕ್ಕೆ ಏರಿ ಬರುತ್ತಿತ್ತು. ಕೆಳಗೆ ತಟ್ಟೆ ಚಾಚಿಕೊಂಡೇ ಇತ್ತು. ಸ್ವಲ್ಪ ಹೊತ್ತಿಗೆ ಅವನ ಕೈಸೋತು ಅದು ತುಸು ವಾಲಿತು. ಅಂಚಿನಿಂದ ಸಾರಿನ ಒಂದು ಹನಿ ನೆಲಕ್ಕೆ ಬಿತ್ತು.